ಅಜ್ಜಿಯನ್ನು ಕೇಳಿ ಬರೆದ ನೋಟ್‌ಬುಕ್ಕುಗಳು

ಕೇಳುಗರೆಲ್ಲರಿಗೂ ನಮಸ್ಕಾರ.

1938ನೇ ಇಸವಿ. ಐರ್ಲೆಂಡಿನ ಒಂದು ಹಳ್ಳಿ ಶಾಲೆ. ಹನ್ನೆರಡು ವರ್ಷದ ಹುಡುಗಿಗೆ ಮೇಷ್ಟ್ರು ಹೋಂವರ್ಕ್ ಕೊಡುತ್ತಾರೆ. ಮನೆಗೆ ಹೋಗಿ ಅಜ್ಜಿಯನ್ನು ಕೇಳು. ಹಿಂದೆ ಬೆಣ್ಣೆ ಹೇಗೆ ತೆಗೆಯುತ್ತಿದ್ದರು? ಮಳೆ ಬರೋದು ಹೇಗೆ ಗೊತ್ತಾಗುತ್ತಿತ್ತು? ನರಹುಲಿಗೆ ಏನು ಮದ್ದು? ಅಜ್ಜಿ ಹೇಳಿದ್ದನ್ನು ಬರೆದುಕೊಂಡು ಬಾ.

ಹೀಗೆ ಕೇಳಿ ಬರೆದವರು ಸುಮಾರು 50,000 ಮಕ್ಕಳು. ಶಾಲೆಗಳು ಸುಮಾರು 5,000. 1937ರಿಂದ 1939ರವರೆಗೆ ಪ್ರಬಂಧ ಬರೆಸುವ ಹೊತ್ತನ್ನೇ ಇದಕ್ಕೆ ಬಿಟ್ಟುಕೊಟ್ಟರು. ಮಾಡಿಸಿದ್ದು 1935ರಲ್ಲಿ ಶುರುವಾಗಿದ್ದ ಐರಿಷ್ ಜಾನಪದ ಆಯೋಗ. ಅದರ ಮುಂದಾಳು ಜೇಮ್ಸ್ ಡೆಲಾರ್ಗಿ. ಏನೇನು ಕೇಳಬೇಕು ಅಂತ ಮೇಷ್ಟ್ರುಗಳಿಗೆ ಪುಟ್ಟ ಕೈಪಿಡಿ ಮಾಡಿಕೊಟ್ಟವರು ಶಾನ್ ಓ ಸೂಲಿವಾನ್.

ಬೆಣ್ಣೆಯ ವಿಷಯ ಸ್ವಲ್ಪ ಹೇಳುತ್ತೇನೆ, ನನಗೆ ಅದು ತುಂಬಾ ಇಷ್ಟ. ಮನೆಯಲ್ಲಿ ಕಡೆಯುತ್ತಿರುವಾಗ ಯಾರಾದರೂ ಬಾಗಿಲಿಗೆ ಬಂದರೆ ಅವರು ಸುಮ್ನೆ ನಿಂತು ನೋಡುವಂತಿಲ್ಲ. ಕಡೆಗೋಲು ಹಿಡಿದು ನಾಲ್ಕು ಸಲ ಆಡಿಸಿಯೇ ಹೋಗಬೇಕು. ಹಾಗೇ ಹೊರಟರೆ ಆ ಮನೆಯ ಬೆಣ್ಣೆಯೂ ಅವರ ಹಿಂದೆಯೇ ಹೋಗಿಬಿಡುತ್ತದೆ ಅನ್ನೋ ನಂಬಿಕೆ. ಇದನ್ನು ಊರೂರಿನ ಮಕ್ಕಳು ಬರೆದಿದ್ದಾರೆ. ಬೆಕ್ಕು ಒಲೆಗೆ ಬೆನ್ನು ಹಾಕಿ ಕೂತರೆ ಮಳೆಗಾಳಿ. ಚಿಮಣಿಯಿಂದ ಮಸಿ ಉದುರಿದರೆ ಮಳೆ. ಬಂಡೆಯ ಗುಳಿಯಲ್ಲಿ ನಿಂತ ನೀರು ಹಚ್ಚಿದರೆ ನರಹುಲಿ ಬಿದ್ದುಹೋಗುತ್ತದೆ. ಓದುತ್ತಾ ಹೋದರೆ ಯಾವುದೋ ಅಡುಗೆಮನೆಯ ಮೂಲೆಯಲ್ಲಿ ಕೂತು ಕೇಳಿಸಿಕೊಂಡ ಹಾಗಿರುತ್ತದೆ.

ಮಕ್ಕಳ ಬರಹಕ್ಕೆ ಯಾಕಿಷ್ಟು ಬೆಲೆ ಅಂತ ನೀವು ಕೇಳಬಹುದು. ಅದಕ್ಕೆ 1922ಕ್ಕೆ ಹೋಗಬೇಕು. ಆಗ ಅಲ್ಲಿ ಅಂತರ್ಯುದ್ಧ. ಡಬ್ಲಿನ್‌ನಲ್ಲಿ ಫೋರ್ ಕೋರ್ಟ್ಸ್ ಅನ್ನೋ ನ್ಯಾಯಾಲಯದ ಕಟ್ಟಡಗಳಿವೆ. ಐರ್ಲೆಂಡಿಗೆ ಸ್ವಂತ ಸರ್ಕಾರ ತಂದುಕೊಟ್ಟ, ಬ್ರಿಟನ್ ಜೊತೆಗಿನ ಒಪ್ಪಂದವನ್ನು ಒಪ್ಪದವರು ಅದರೊಳಗೆ ಸೇರಿಕೊಂಡಿದ್ದರು. ಹೊಸ ಸರ್ಕಾರದ ಸೇನೆ ಹೊರಗಿನಿಂದ ಫಿರಂಗಿ ಹಾರಿಸಿತು. ಜೂನ್ 30ರಂದು ದೊಡ್ಡ ಸ್ಫೋಟವಾಯಿತು. ಅದೇ ಆವರಣದಲ್ಲಿ ದೇಶದ ದಾಖಲೆ ಭಂಡಾರವಿತ್ತು. ನೂರಾರು ವರ್ಷಗಳ ಕಾಗದಪತ್ರ ಸುಟ್ಟುಹೋಯಿತು. ಅರೆಬೆಂದ ಹಾಳೆಗಳು ಹಾರಿಬಂದು ಊರಿನ ಬೀದಿಗಳಲ್ಲಿ ಬಿದ್ದವು.

ಹೋದದ್ದರಲ್ಲಿ 1841 ಮತ್ತು 1851ರ ಜನಗಣತಿಯ ಮನೆಮನೆಯ ಪಟ್ಟಿಗಳೂ ಇದ್ದವು, ಅಲ್ಲೊಂದು ಇಲ್ಲೊಂದು ಚೂರು ಬಿಟ್ಟರೆ. ಈ ಎರಡು ಗಣತಿಗಳ ನಡುವೆಯೇ ಆಲೂಗಡ್ಡೆ ಬೆಳೆ ಕೊಳೆತು ಬಂದ ಆ ಮಹಾ ಬರಗಾಲ. ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಮೊತ್ತವನ್ನು ಮೊದಲೇ ಅಚ್ಚು ಹಾಕಿಸಿದ್ದರಿಂದ ಅದು ಉಳಿಯಿತು. 81 ಲಕ್ಷ ಮೀರಿದ್ದವರು 65 ಲಕ್ಷಕ್ಕೆ ಇಳಿದಿದ್ದರು. ಆದರೆ ಯಾವ ಮನೆಯಲ್ಲಿ ಯಾರಿದ್ದರು? ಆ ಹೆಸರುಗಳು ಬೂದಿಯಾದವು. ನನಗೆ ಇದರಷ್ಟು ಸಂಕಟ ಕೊಡುವ ವಿಷಯ ಇನ್ನೊಂದಿಲ್ಲ.

ಈಗ ಮತ್ತೆ ನಮ್ಮ ಹುಡುಗಿಯ ನೋಟ್‌ಬುಕ್ಕಿಗೆ ಬನ್ನಿ. ಕೈಪಿಡಿಯಲ್ಲಿ ಬರಗಾಲದ ಬಗ್ಗೆಯೂ ಪ್ರಶ್ನೆ ಇತ್ತು. 1938ರಲ್ಲಿ ಎಂಬತ್ತು ದಾಟಿದ ಅಜ್ಜಿ ಅಂದರೆ, ಆಕೆಯ ತಾಯಿ ಬರಗಾಲವನ್ನು ಕಣ್ಣಾರೆ ಕಂಡವಳು. ಗಂಜಿ ಬೇಯಿಸಿದ ದೊಡ್ಡ ಕೊಪ್ಪರಿಗೆ ಎಲ್ಲಿತ್ತು, ಪೆಟ್ಟಿಗೆಯೂ ಇಲ್ಲದೆ ಜನರನ್ನು ಎಲ್ಲಿ ಹೂಳಿದರು, ಈಗ ಬರೀ ಕಲ್ಲುಗುಪ್ಪೆ ಆಗಿರುವ ಜಾಗದಲ್ಲಿ ಯಾರ ಮನೆ ಇತ್ತು. ಕಚೇರಿಯ ಕಾಗದ ಸುಟ್ಟರೂ ಇದು ಅಜ್ಜಿಯ ಬಾಯಲ್ಲಿ ಉಳಿದಿತ್ತು. ಮಗು ಕೇಳಿತು, ಅಜ್ಜಿ ಹೇಳಿದರು. ಇದು ಜನಗಣತಿಯ ಪಟ್ಟಿಗೆ ಸಮ ಅಂತ ನಾನು ಹೇಳೋದಿಲ್ಲ. ಬಾಯಿಂದ ಬಾಯಿಗೆ ಬಂದ ಮಾತು ಸ್ವಲ್ಪ ಬದಲಾಗಿರುತ್ತದೆ. ಉತ್ತರದ ಆರು ಕೌಂಟಿಗಳು ಬ್ರಿಟನ್ ಕೈಯಲ್ಲೇ ಉಳಿದಿದ್ದರಿಂದ ಅಲ್ಲಿನ ಮಕ್ಕಳು ಇದರಲ್ಲಿ ಸೇರಲಿಲ್ಲ. ಆ ಕೊರತೆ ಕೊರತೆಯೇ.

ಮೇಷ್ಟ್ರುಗಳು ಒಳ್ಳೆಯದನ್ನು ಆರಿಸಿ ದಪ್ಪ ಪುಸ್ತಕಗಳಿಗೆ ಏರಿಸಿದರು. ಮಕ್ಕಳದೇ ಕೈಬರಹದ ಸುಮಾರು 40,000 ನೋಟ್‌ಬುಕ್ಕುಗಳೂ ಉಳಿದವು. ಎಲ್ಲ ಸೇರಿ ಸುಮಾರು 7 ಲಕ್ಷ 40 ಸಾವಿರ ಪುಟ. ಇವತ್ತು ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನ ಜಾನಪದ ಸಂಗ್ರಹದಲ್ಲಿವೆ. ಪುಟಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಓದಲು ಇಟ್ಟಿದ್ದಾರೆ. ಆ ಕೈಬರಹವನ್ನು ನೋಡಿ ಟೈಪ್ ಮಾಡಿದವರು ಸಾಮಾನ್ಯ ಜನ, ದುಡ್ಡು ತೆಗೆದುಕೊಳ್ಳದೆ. ಈ ಕೆಲಸಕ್ಕೆ ಅವರಿಟ್ಟ ಹೆಸರು ಮೆಹಲ್. ಐರಿಷ್ ಹಳ್ಳಿಗಳಲ್ಲಿ ಕೊಯ್ಲಿಗೆ ನೆರೆಹೊರೆಯವರೆಲ್ಲ ಸೇರಿ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿಯುವುದಕ್ಕೆ ಹಾಗನ್ನುತ್ತಾರೆ. ನಮ್ಮಲ್ಲಿ ಮುಯ್ಯಾಳು ಅಂತೀವಲ್ಲ, ಅದೇ.

ಒಂದು ಪುಟ ತೆರೆದರೆ ನಾನು ಮೊದಲು ನೋಡೋದು ಕೊನೆಯ ಸಾಲುಗಳನ್ನು. ಅಲ್ಲಿ ಬರೆದ ಮಗುವಿನ ಹೆಸರಿರುತ್ತದೆ. ಅದರ ಕೆಳಗೆ ಹೇಳಿದವರು ಯಾರು, ಯಾವ ಊರು, ವಯಸ್ಸೆಷ್ಟು ಅಂತ ಇರುತ್ತದೆ. ಎಪ್ಪತ್ತೆಂಟು, ಎಂಬತ್ತನಾಲ್ಕು, ತೊಂಬತ್ತು. ಮಕ್ಕಳ ಗುಂಡು ಅಕ್ಷರದಲ್ಲಿ.

ನಮಸ್ಕಾರ.