ಸವತಿಗೆ ಮದ್ದಾನೆ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ ‘ಐತಿಹಾಸಿಕ ಕಾದಂಬರಿ: ಒಂದು ಅವಲೋಕನ’. ಅವಲೋಕನವನ್ನೆಲ್ಲ ಬದಿಗಿಟ್ಟು, ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿಯ ಕಥೆ ಹೇಳುವ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಒಂದನ್ನೇ ಹಿಡಿದುಕೊಂಡು ಬಂದಿದ್ದೇನೆ, ಸಂಘಟಕರು ಬೈಯಬಾರದು. ಹೋದ ತಿಂಗಳು ನಲವತ್ತು ವರ್ಷದ ಮೇಲೆ ಮತ್ತೆ ಓದಿದೆ.

ನಮ್ಮ ದೊಡ್ಡಮ್ಮನಿಂದ ಶುರು ಮಾಡುತ್ತೇನೆ. ಬೇಸಿಗೆಯಲ್ಲಿ ಹಪ್ಪಳ ಕಾಯುವ ನೆಪದಲ್ಲಿ ತಾರಸಿ ಮೇಲೆ ಕೂತು ಅವರು ಓದುತ್ತಿದ್ದದ್ದು ಇದನ್ನೇ. ರಟ್ಟು ಕಿತ್ತುಹೋಗಿ ದಾರ ಹಾಕಿ ಹೊಲಿದ ಪ್ರತಿ. ಕಥೆ ಶಿವಗಂಗೆ ಬೆಟ್ಟಕ್ಕೆ ಬಂತೋ, ಪುಸ್ತಕ ಮುಚ್ಚಿಬಿಡುವರು. ನಾಳೆ ಮತ್ತೆ ಮೊದಲ ಪುಟದಿಂದ! “ಕೊನೆ ಓದಲ್ವಾ ದೊಡ್ಡಮ್ಮ?” ಅಂದರೆ, “ಓದಿದ್ರೆ ಸಾಯ್ತಾಳೆ ಕಣೇ, ಓದ್ದೇ ಇದ್ರೆ ಬದುಕಿರ್ತಾಳೆ.” ಅಷ್ಟರಲ್ಲಿ ಕಾಗೆ ಹಪ್ಪಳ ಎತ್ತಿಕೊಂಡು ಹೋಗಿರುತ್ತಿತ್ತು. ಬೈಗುಳ ನನಗೆ.

ಹದಿನೆಂಟಕ್ಕೆ ನಾನೇ ಓದಿದಾಗ ಒಂದೇ ರಾತ್ರಿಗೆ ಮುಗಿಸಿ ದಿಂಬು ನೆನೆಸಿದ್ದೆ. ಆಮೇಲೆ ಎಂ.ಎ.ಯಲ್ಲಿ ಶಾಸನ ಓದಿದೆ ನೋಡಿ, ಪುಸ್ತಕದ ಮೇಲೆ ಸಿಟ್ಟು ಬಂತು. ಶಾಂತಲೆಯ ಬಿರುದು ನಿಮಗೆ ಗೊತ್ತೇ ಇದೆ, ‘ಉದ್ವೃತ್ತ ಸವತಿ ಗಂಧವಾರಣೆ’. ಕೊಬ್ಬಿದ ಸವತಿಯರ ಪಾಲಿಗೆ ಮದ್ದಾನೆ! ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ 1123ರಲ್ಲಿ ಅವಳು ಕಟ್ಟಿಸಿದ ಬಸದಿಗೂ ಅದೇ ಹೆಸರು. ಅಯ್ಯರ್ ಅವರಲ್ಲೋ, ಸವತಿಯಾಗುವ ಲಕ್ಷ್ಮಿ ಪ್ರಾಣಗೆಳತಿ. ಮದ್ದಾನೆಗೆ ಜಡೆ ಹೆಣೆದು ಹೂ ಮುಡಿಸಿದ್ದಾರೆ ಅಂತ ಆಡಿಕೊಂಡು ನಗುತ್ತಿದ್ದೆ.

ಈಗ ಹಿಡಿಸಿದ್ದೇ ಆ ಗೆಳೆತನ. ಬಿರುದು ಹೊಗಳುಭಟರ ಮಾತು. ಒಬ್ಬನೇ ಗಂಡನ ಇಬ್ಬರು ಹೆಂಡಿರು ರಾತ್ರಿ ದೀಪ ಆರಿದ ಮೇಲೆ ಏನು ಮಾತಾಡಿಕೊಂಡರು, ಯಾವ ಕಲ್ಲು ಬರೆದೀತು? ಮುಂದೆ ಪಟ್ಟಕ್ಕೆ ಬಂದವನು ಲಕ್ಷ್ಮೀದೇವಿಯ ಮಗ ನರಸಿಂಹ. ವಂಶಾವಳಿಯಲ್ಲಿ ಅದು ಒಂದು ಸಾಲು. ಆ ಸಾಲಿನ ಹಿಂದೆ ಇಬ್ಬರು ಹೆಂಗಸರ ಸಂಕಟ ಕಂಡವರು ಯಾರು? ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಸಿಯಂ ನಡೆಸುತ್ತಿದ್ದ ಕಟ್ಟುಮಸ್ತು ಆಳು, ಇದೇ ಅಯ್ಯರ್! ಹಿಂದೆ ಕೂತ ಹುಡುಗರು ನಗುತ್ತಿದ್ದಾರೆ. ಜಿಮ್‌ಗೆ ಹೋಗ್ರಪ್ಪ, ಬೇಡ ಅನ್ನಲ್ಲ, ಬರುವಾಗ ಒಂದು ಕಾದಂಬರಿ ಬರೆದುಕೊಂಡು ಬನ್ನಿ.

ಸಮಯ ಮುಗಿಯಿತು ಅಂತ ಚೀಟಿ ಬಂತು. ಬೇಲೂರು, ನೃತ್ಯ, ಭಾಷೆ, ಎಲ್ಲ ಬಿಟ್ಟೆ. ಒಂದೇ ಮಾತು. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅನ್ನುತ್ತದೆ ಶಾಸನ. ಬೆಟ್ಟದಿಂದ ಧುಮುಕಿದಳೆಂಬ ಮಾತು ಅದರಲ್ಲಿಲ್ಲ. ಆದರೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಅನ್ನ ಬಿಟ್ಟು, ಸಲ್ಲೇಖನವೆಂಬ ಜೈನ ವ್ರತದಲ್ಲಿ ಪ್ರಾಣ ಬಿಟ್ಟದ್ದು ಇದೆ. ಎಂ.ಎ.ಯಲ್ಲಿ ಇದನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿದವಳು ನಾನು. ಈ ಸಲ ಕಥೆ ಬೆಟ್ಟದ ಬುಡಕ್ಕೆ ಬರುತ್ತಿದ್ದ ಹಾಗೆ, ಆ ತಾಯಿಗೆ ಸುದ್ದಿ ಹೇಳಿದವರು ಯಾರಿರಬಹುದು ಅಂತ ಒಂದೇ ಯೋಚನೆ. ಪುಸ್ತಕ ಮುಚ್ಚಿಟ್ಟು ಎದ್ದುಬಿಟ್ಟೆ. ಕೊನೆ ಓದಿದ್ದು ಮಾರನೇ ದಿನ, ಮಗಳಿಗೆ ಫೋನ್ ಮಾಡಿ ಮಾತಾಡಿದ ಮೇಲೆ.