ಗುದ್ದಿನ ಸದ್ದು

ನಮಸ್ಕಾರ ಕೇಳುಗರೇ.

ರೇಡಿಯೋದಲ್ಲಿ ಕೂತು ಸಿನಿಮಾ ಬಗ್ಗೆ ಮಾತಾಡುವುದು ಒಂಥರಾ ತಮಾಷೆ. ತೋರಿಸುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಆದರೂ ಇವತ್ತು ‘ರೇಜಿಂಗ್ ಬುಲ್’ ಬಗ್ಗೆ ಹೇಳಲೇಬೇಕು ಅಂತ ಬಂದಿದ್ದೇನೆ, ಯಾಕೆಂದರೆ ಈ ಬಾಕ್ಸಿಂಗ್ ಸಿನಿಮಾದಲ್ಲಿ ಅರ್ಧ ಕೆಲಸ ಕಿವಿಗೇ ಇದೆ. ಎಲ್ಲರೂ ಅದರ ಕಪ್ಪು-ಬಿಳುಪು ಛಾಯಾಗ್ರಹಣವನ್ನು ಹೊಗಳುತ್ತಾರೆ. ಹೊಗಳಲಿ. ನಾನು ಸದ್ದಿನ ಕಡೆಯಿಂದ ಬರುತ್ತೇನೆ.

1980ರ ಸಿನಿಮಾ ಇದು. ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸಿ, ನಾಯಕ ರಾಬರ್ಟ್ ಡಿ ನೀರೊ. ಕಥೆ ಜೇಕ್ ಲಮೋಟಾನದು. ನಿಜವಾಗಿ ಬದುಕಿದ್ದ ಮನುಷ್ಯ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬೆಳೆದವನು, 1949ರಲ್ಲಿ ಮಿಡಲ್‌ವೇಟ್, ಅಂದರೆ ಮಧ್ಯಮ ತೂಕದ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದವನು. ರಿಂಗಿನಲ್ಲಿ ಎಷ್ಟು ಹೊಡೆತ ಬಿದ್ದರೂ ಮುಂದಕ್ಕೇ ನುಗ್ಗುವವನು. ಸಿನಿಮಾದಲ್ಲಿ ಅವನು ಮನೆಯಲ್ಲೂ ಹಾಗೇ, ಹೆಂಡತಿ ಮೇಲೂ ಕೈ ಮಾಡುತ್ತಾನೆ, ತಮ್ಮನ ಮೇಲೂ ಕೈ ಮಾಡುತ್ತಾನೆ. ಇಂಥವನನ್ನು ಎರಡು ಗಂಟೆ ನೋಡಬೇಕು. ಸುಲಭ ಅಲ್ಲ, ಮೊದಲೇ ಹೇಳಿಬಿಡುತ್ತೇನೆ.

ಲಮೋಟಾನ ಆತ್ಮಕಥೆಯನ್ನು ಓದಿ ಹಟ ಹಿಡಿದವನು ಡಿ ನೀರೊ. ಸ್ಕೋರ್ಸೆಸಿಗೆ ಆಟೋಟ ಅಂದರೆ ಅಷ್ಟಕ್ಕಷ್ಟೇ, ಚಿಕ್ಕಂದಿನಿಂದ ಆಸ್ತಮಾ ಇದ್ದ ಹುಡುಗ ಅವನು. ಬೇಡ, ಆಮೇಲೆ ನೋಡೋಣ ಅಂತ ಸುಮ್ನೆ ಮುಂದೂಡುತ್ತಿದ್ದ. 1978ರಲ್ಲಿ ಆರೋಗ್ಯ ಪೂರ್ತಿ ಕೆಟ್ಟು, ಬದುಕುವುದೇ ಅನುಮಾನ ಅನ್ನುವ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದಾಗ ಡಿ ನೀರೊ ಹಾಸಿಗೆ ಪಕ್ಕ ಬಂದು ಮತ್ತೆ ಅದೇ ಮಾತು ತೆಗೆದ. ತನ್ನನ್ನು ತಾನೇ ಹಾಳು ಮಾಡಿಕೊಳ್ಳುವ ಮನುಷ್ಯನ ಕಥೆ ಆಗ ಸ್ಕೋರ್ಸೆಸಿಗೆ ಅರ್ಥವಾಯಿತು. ಅವನೇ ಹಾಗೆ ಮಲಗಿದ್ದನಲ್ಲ.

ಈಗ ಸದ್ದಿಗೆ ಬರೋಣ.

ಬಾಕ್ಸಿಂಗ್ ಪಂದ್ಯವನ್ನು ನಾವು ಸಾಮಾನ್ಯವಾಗಿ ಹಗ್ಗದ ಆಚೆ ಕೂತು ನೋಡುತ್ತೇವೆ. ಸ್ಕೋರ್ಸೆಸಿ ಕ್ಯಾಮೆರಾವನ್ನು ಹಗ್ಗದ ಒಳಗೇ ತಂದ. ಒಳಗೆ ನಿಂತವನಿಗೆ ಕಿವಿಯಲ್ಲಿ ಏನು ಕೇಳಿಸುತ್ತದೆ? ಇದಕ್ಕೆ ಉತ್ತರ ಹುಡುಕಿದವನು ಧ್ವನಿ ತಜ್ಞ ಫ್ರ್ಯಾಂಕ್ ವಾರ್ನರ್. ಗುದ್ದಿನ ಸದ್ದಿಗೆ ಕಲ್ಲಂಗಡಿ ಜಾತಿಯ ಹಣ್ಣು ಒಡೆದ, ಟೊಮ್ಯಾಟೊ ಹಿಸುಕಿದ. ಪ್ರಾಣಿಗಳ ಕೂಗು ಸೇರಿಸಿದ. ನೋಡುವಾಗ ಇದು ಆನೆ, ಇದು ಹಣ್ಣು ಅಂತ ಗೊತ್ತಾಗುವುದಿಲ್ಲ, ಹೊಟ್ಟೆಯೊಳಗೆ ಏನೋ ಕಲಕಿದಂತಾಗುತ್ತದೆ ಅಷ್ಟೇ. ಕೆಲವು ಸದ್ದುಗಳನ್ನು ಹೇಗೆ ಮಾಡಿದೆ ಅಂತ ಅವನು ನಿರ್ದೇಶಕನಿಗೂ ಹೇಳಲಿಲ್ಲ. ಕೆಲಸ ಮುಗಿದ ಮೇಲೆ ಬೇರೆ ಯಾರೂ ಬಳಸದಿರಲಿ ಅಂತ ಆ ಧ್ವನಿಗಳನ್ನೇ ನಾಶ ಮಾಡಿದ. ನಾನೂ ಒಮ್ಮೆ ಅಡುಗೆಮನೆಯಲ್ಲಿ ಕಲ್ಲಂಗಡಿಗೆ ಗುದ್ದಿ ನೋಡಿದೆ. ಸದ್ದು ಪರವಾಗಿಲ್ಲ, ಗೋಡೆ ಒರೆಸುವಷ್ಟರಲ್ಲಿ ಸಾಕಾಯಿತು.

ಇನ್ನೊಂದು ಜಾಗ ಇದೆ. 1951ರ ಫೆಬ್ರುವರಿ 14, ಶಿಕಾಗೊದಲ್ಲಿ ಲಮೋಟಾನಿಗೆ ತನ್ನ ಹಳೇ ಎದುರಾಳಿ ಬಾಕ್ಸರ್ ಶುಗರ್ ರೇ ರಾಬಿನ್ಸನ್ ಜೊತೆ ಕೊನೆಯ ಪಂದ್ಯ, ಹದಿಮೂರನೇ ಸುತ್ತು. ಜನರ ಗದ್ದಲ, ಫ್ಲ್ಯಾಶ್ ಬಲ್ಬುಗಳ ಚಟಪಟ, ಎಲ್ಲಾ ಇದ್ದಕ್ಕಿದ್ದಂತೆ ಇಳಿದುಹೋಗುತ್ತದೆ. ರಾಬಿನ್ಸನ್ ಕೈ ಮೇಲೆ ಹೋಗುತ್ತದೆ. ಉಸಿರಿನ ಸದ್ದು ಬಿಟ್ಟರೆ ಏನಿಲ್ಲ. ಆಮೇಲೆ ಹೊಡೆತ. ನಾನು ಇಲ್ಲಿ ಐದು ಸೆಕೆಂಡ್ ಸುಮ್ಮನಾದರೆ ಸ್ಟೇಷನ್ ಹೋಯ್ತು ಅಂತ ನೀವು ಗುಂಡಿ ತಿರುಗಿಸುತ್ತೀರಿ, ಅಲ್ವಾ? ಅಲ್ಲಿ ಅದೇ ಮೌನಕ್ಕೆ ಮೈ ಜುಮ್ಮೆನ್ನುತ್ತದೆ.

ವಯಸ್ಸಾಗಿ ಮೈ ಬಂದ ಲಮೋಟಾನ ದೃಶ್ಯಗಳಿಗಾಗಿ ಡಿ ನೀರೊ ದಪ್ಪಗಾದ ಕಥೆ ನಿಮಗೂ ಗೊತ್ತಿರಬಹುದು. ಚಿತ್ರೀಕರಣ ತಿಂಗಳುಗಟ್ಟಲೆ ನಿಲ್ಲಿಸಿ, ಇಟಲಿ, ಫ್ರಾನ್ಸ್ ಸುತ್ತಿ ತಿಂದು, ಸುಮಾರು 60 ಪೌಂಡ್, ಅಂದರೆ 27 ಕೆಜಿ ಏರಿಸಿಕೊಂಡ. ನನಗೆ ಅದರಲ್ಲಿ ಇಷ್ಟವಾಗುವುದು ಹೊಟ್ಟೆ ಅಲ್ಲ, ಉಸಿರು. ತನಗೆ ಆಸ್ತಮಾ ಬಂದಾಗ ಹೇಗೆ ಉಸಿರು ಕಟ್ಟುತ್ತಿತ್ತೋ ಹಾಗೇ ಅವನಿಗೂ ಕಟ್ಟುತ್ತಿತ್ತು, ಮೂರು ನಾಲ್ಕು ಟೇಕ್‌ಗಿಂತ ಜಾಸ್ತಿ ಆಗುತ್ತಲೇ ಇರಲಿಲ್ಲ ಅಂತ ಸ್ಕೋರ್ಸೆಸಿ ಹೇಳಿದ್ದಾನೆ. ಆ ಏದುಸಿರು ಸಿನಿಮಾದಲ್ಲಿ ಹಾಗೇ ಕೇಳಿಸುತ್ತದೆ.

ಆಸ್ಕರ್‌ಗೆ 8 ನಾಮನಿರ್ದೇಶನ ಬಂದವು. ಗೆದ್ದದ್ದು ಎರಡು, ನಟನೆಗೆ ಡಿ ನೀರೊ, ಸಂಕಲನಕ್ಕೆ ತೆಲ್ಮಾ ಸ್ಕೂನ್‌ಮೇಕರ್. ಧ್ವನಿ ವಿಭಾಗದಲ್ಲೂ ನಾಮನಿರ್ದೇಶನ ಇತ್ತು, ಆದರೆ ಅದರಲ್ಲಿದ್ದ ನಾಲ್ವರಲ್ಲಿ ವಾರ್ನರ್ ಹೆಸರು ಇರಲಿಲ್ಲ. ಇದು ನನಗೆ ಇವತ್ತಿಗೂ ಬೇಜಾರು. ಈಗ ಯಾವ ಬಾಕ್ಸಿಂಗ್ ಸಿನಿಮಾ ನೋಡಿದರೂ ಏಟು ಬಿದ್ದ ತಕ್ಷಣ ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಸದ್ದು ಮಂಕಾಗುತ್ತದೆ. ಆ ದಾರಿ ಸವೆಸಿದವರಲ್ಲಿ ಅವನು ದೊಡ್ಡವನು.

ಕೊನೆಗೆ ಒಂದು ಸಣ್ಣ ಜಗಳ. ಬಿಡುಗಡೆ ತೀರಾ ಹತ್ತಿರ ಬಂದಿತ್ತು, ಧ್ವನಿ ಮಿಶ್ರಣ ಮುಗಿಯುತ್ತಲೇ ಇಲ್ಲ. ಇವತ್ತು ರಾತ್ರಿಗೆ ಮುಗಿಯಬೇಕು ಅಂತ ನಿರ್ಮಾಪಕ ಇರ್ವಿನ್ ವಿಂಕ್ಲರ್ ಗಡುವು ಕೊಟ್ಟ. ಬಾರ್‌ನಲ್ಲಿ ಒಬ್ಬ ‘ಕಟಿ ಸಾರ್ಕ್’ ಅಂತ ವಿಸ್ಕಿ ಕೇಳುವ ಮಾತು ಸರಿಯಾಗಿ ಕೇಳಿಸುತ್ತಿಲ್ಲ, ಹೀಗೇ ಬಿಡುವುದಾದರೆ ನನ್ನ ಹೆಸರು ತೆಗೆದುಬಿಡಿ ಅಂದ ಸ್ಕೋರ್ಸೆಸಿ. ಒಂದೇ ಒಂದು ವಿಸ್ಕಿ ಹೆಸರಿಗೆ! ಹೆಸರು ಉಳಿಯಿತು, ಸಿನಿಮಾನೂ ಬಂತು. ಮೊನ್ನೆ ಇಯರ್‌ಫೋನ್ ಹಾಕಿಕೊಂಡು ಆ ಜಾಗವನ್ನು ಮೂರು ಸಲ ಹಿಂದೆ ಮುಂದೆ ಮಾಡಿ ಕೇಳಿದೆ. ನನಗಂತೂ ಚೆನ್ನಾಗೇ ಕೇಳಿಸಿತು.

ನಮಸ್ಕಾರ.