ಗಿಟಾರ್ ಬೀರುವಿನಲ್ಲಿ ಅಡಗಿರುವ ಮೂರು ಲೀಟರ್ ನೀರು

(ಪರದೆಯಲ್ಲಿ: ಖಾಲಿ ಗೋಡೆ, ಅದಕ್ಕೆ ಒರಗಿಸಿಟ್ಟ ನಾಲ್ಕು ಗಿಟಾರ್)

ನಮಸ್ಕಾರ. ಇವತ್ತಿನ ಪ್ರಶ್ನೆ ನಿಮ್ಮದೇ. ಮನೆಯಲ್ಲಿ ಸಂಗೀತಕ್ಕೆ ಅಂತ ಒಂದು ಕೋಣೆ ಮಾಡಿಕೊಂಡಿದ್ದೀರಿ, ಗಿಟಾರ್ ಒಂದಿದ್ದದ್ದು ನಾಲ್ಕಾಗಿದೆ. ಈಗ ಅವನ್ನು ಗೋಡೆಗೆ ನೇತುಹಾಕುವುದೋ, ಸ್ಟ್ಯಾಂಡಿನಲ್ಲಿ ನಿಲ್ಲಿಸುವುದೋ, ಅಥವಾ ಅವಕ್ಕೆಂದೇ ಒಂದು ಬೀರು ಕಟ್ಟುವುದೋ? ಇದನ್ನು ಹಲವರು ಕೇಳಿದ್ದೀರಿ. ಕೇಳಿದವರೆಲ್ಲ ಜೊತೆಗೆ ಇನ್ನೊಂದು ಮಾತು ಸೇರಿಸಿದ್ದೀರಿ: "ನೇತುಹಾಕಿದರೆ ನೆಕ್ ಎಳೆದುಕೊಂಡು ಬಾಗುವುದಿಲ್ಲವೇ?"

ನೆಕ್, ಅಂದರೆ ಗಿಟಾರಿನ ಉದ್ದ ಕತ್ತು, ಬಾಗುತ್ತದೆ ಎಂಬ ಆ ಭಯವನ್ನು ಮೊದಲು ಬಿಡಿಸಿಬಿಡೋಣ. ಸ್ಟೀಲ್ ತಂತಿಯ ಅಕೂಸ್ಟಿಕ್ ಗಿಟಾರಿಗೆ ಸಾಮಾನ್ಯ ಲೈಟ್ ಸೆಟ್ (ತೆಳು ತಂತಿಗಳ ಜೋಡಿ) ಹಾಕಿ ಶ್ರುತಿ ಮಾಡಿದರೆ ಆರೂ ತಂತಿ ಸೇರಿ ನೆಕ್ಕನ್ನು ಸುಮಾರು 70 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತವೆ. ಹಗಲೂ ರಾತ್ರಿ, ವರ್ಷಗಟ್ಟಲೆ. ಆ ಗಿಟಾರಿನ ತೂಕ ಎಷ್ಟು? ಎರಡು ಕಿಲೋ ಆಸುಪಾಸು. 70 ಕಿಲೋ ತಡೆದುಕೊಂಡ ನೆಕ್ಕಿಗೆ ಎರಡು ಕಿಲೋ ಲೆಕ್ಕಕ್ಕೇ ಇಲ್ಲ. ಅದೂ ನೇತುಹಾಕಿದಾಗ ಆ ಭಾರ ನೆಕ್ಕಿನ ಉದ್ದಕ್ಕೂ ನೇರ ಕೆಳಗೆ ಎಳೆಯುತ್ತದೆ, ಬಗ್ಗಿಸುವುದಿಲ್ಲ. ಧೈರ್ಯವಾಗಿ ನೇತುಹಾಕಿ.

ಗಿಟಾರಿಗೆ ನಿಜವಾದ ಶತ್ರು ಗಾಳಿಯಲ್ಲಿದೆ. ಬೀರು ಕಟ್ಟುವವರು ಗಮನ ಕೊಡಬೇಕಾದದ್ದು ಅಲ್ಲಿ.

(ಪರದೆಯಲ್ಲಿ: ಗಿಟಾರಿನ ಮುಖದ ಹಲಗೆ, ಎಳೆಗಳು ಉದ್ದುದ್ದ ಕಾಣುವಂತೆ)

ಮರ ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಮಳೆಗಾಲದಲ್ಲಿ ಹಳೇ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ನೋಡಿದವರಿಗೆ ಇಷ್ಟು ಗೊತ್ತೇ ಇದೆ, ಹಾಗಾಗಿ ವಿವರಿಸುತ್ತಾ ಕೂರುವುದಿಲ್ಲ. ಮುಖ್ಯ ಸಂಗತಿ ಏನೆಂದರೆ ಮರ ತನ್ನ ನಾರಿನ ಎಳೆಯ ಉದ್ದಕ್ಕೆ ಹೆಚ್ಚು ಕಡಿಮೆ ಕದಲುವುದೇ ಇಲ್ಲ, ಅಡ್ಡಕ್ಕೆ ಮಾತ್ರ ಕದಲುತ್ತದೆ. ಗಿಟಾರಿನ ಮುಖದ ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು, ದಪ್ಪ ಮೂರು ಮಿಲಿಮೀಟರೂ ಇರುವುದಿಲ್ಲ, ಅಗಲ ಸುಮಾರು 40 ಸೆಂಟಿಮೀಟರ್. ಕೋಣೆಯ ಆರ್ದ್ರತೆ, ಅಂದರೆ ಗಾಳಿ ಹಿಡಿಯಬಲ್ಲ ತೇವದಲ್ಲಿ ಈಗ ಇರುವ ಪಾಲು, 50 ಶೇಕಡದಿಂದ 30ಕ್ಕೆ ಇಳಿದು ಅಲ್ಲೇ ಕೆಲವು ವಾರ ನಿಂತಿತು ಅಂದುಕೊಳ್ಳಿ. ಆ ಹಲಗೆ ಅಡ್ಡಕ್ಕೆ ಸುಮಾರು ಒಂದೂವರೆ ಮಿಲಿಮೀಟರ್ ಕುಗ್ಗಲು ಹೊರಡುತ್ತದೆ. ಆದರೆ ಅದರ ಒಳಬದಿಗೆ ಎಳೆಗೆ ಅಡ್ಡಲಾಗಿ ಮರದ ಪಟ್ಟಿಗಳನ್ನು ಅಂಟಿಸಿರುತ್ತಾರಲ್ಲ, ಅವು ಬಿಡುವುದಿಲ್ಲ. ಹಲಗೆ ಕುಗ್ಗಬೇಕು, ಪಟ್ಟಿ ಬಿಡದು. ಬಿರುಕು ಬೀಳುವುದು ಆ ಜಗ್ಗಾಟದಲ್ಲಿ.

ಒಣಗುತ್ತಿದೆ ಎಂದು ತಿಳಿಯಲು ಬಿರುಕಿನವರೆಗೆ ಕಾಯಬೇಕಿಲ್ಲ. ನೆಕ್ಕಿನ ಅಂಚಿನ ಮೇಲೆ ಬೆರಳು ಜಾರಿಸಿ. ಅಲ್ಲಿ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ, ಅಂದರೆ ಫ್ರೆಟ್‌ಗಳ, ತುದಿ ಚುಚ್ಚುತ್ತಿದೆಯೇ? ಫ್ರೆಟ್‌ಬೋರ್ಡಿನ ಮರ ಕುಗ್ಗಿದೆ, ಲೋಹದ ಫ್ರೆಟ್ ಕುಗ್ಗಿಲ್ಲ, ತುದಿ ಹೊರಗೆ ಇಣುಕಿದೆ. ತೇವ ಹೆಚ್ಚಾದಾಗ ಇದರ ಉಲ್ಟಾ: ಮುಖದ ಹಲಗೆ ತಂತಿಗಳ ಕೆಳತುದಿ ಕಟ್ಟುವ ಬ್ರಿಡ್ಜಿನ ಹಿಂದೆ ಉಬ್ಬುತ್ತದೆ, ತಂತಿಗಳು ಮೇಲೇಳುತ್ತವೆ, ಒತ್ತಿ ನುಡಿಸಲು ಬೆರಳು ನೋಯುತ್ತದೆ. ಟೇಲರ್, ಮಾರ್ಟಿನ್‌ನಂಥ ದೊಡ್ಡ ತಯಾರಕರು ಹೇಳುವ ಅಂಕಿ 45ರಿಂದ 55 ಶೇಕಡ. ಈ ಹತ್ತು ಅಂಕಗಳ ಒಳಗೆ ಗಿಟಾರನ್ನು ಇಟ್ಟುಕೊಳ್ಳುವುದೇ ನಮ್ಮ ಕೆಲಸ.

ಈಗ ನನಗೆ ಅತಿ ಇಷ್ಟವಾದ ಲೆಕ್ಕಕ್ಕೆ ಬರುತ್ತೇನೆ. ಪೆನ್ನು ತೆಗೆದುಕೊಳ್ಳಿ.

(ಪರದೆಯಲ್ಲಿ: ಬೀರುವಿನ ಚಿತ್ರ, ಪಕ್ಕದಲ್ಲಿ ಅಂಕಿಗಳು ಒಂದೊಂದಾಗಿ)

ಒಂದು ಬೀರು ಕಟ್ಟುತ್ತಿದ್ದೇವೆ. ಅಗಲ 120 ಸೆಂಟಿಮೀಟರ್, ಎತ್ತರ 120, ಆಳ 50. ಮೇಲೆ, ಕೆಳಗೆ, ಎರಡು ಪಕ್ಕ ಮತ್ತು ಹಿಂಬದಿ 18 ಮಿಲಿಮೀಟರ್ ಪ್ಲೈವುಡ್, ಮುಂದೆ ಗಾಜಿನ ಎರಡು ಬಾಗಿಲು. ಒಳಗೆ ಇರುವ ಗಾಳಿಯಲ್ಲಿ ನೀರು ಎಷ್ಟಿದೆ? 22 ಡಿಗ್ರಿ ಬಿಸಿ, 50 ಶೇಕಡ ಆರ್ದ್ರತೆ ಇದ್ದರೆ ಒಟ್ಟು ಸುಮಾರು 7 ಗ್ರಾಂ. ಒಂದೂವರೆ ಟೀ ಚಮಚ! ಅಷ್ಟು ದೊಡ್ಡ ಬೀರುವಿನ ಗಾಳಿಯಲ್ಲಿ ಇರುವುದೇ ಅಷ್ಟು.

ಒಳಗೆ ನಾಲ್ಕು ಅಕೂಸ್ಟಿಕ್ ಗಿಟಾರ್ ಇಟ್ಟೆವು. ಅಷ್ಟು ಆರ್ದ್ರತೆಯಲ್ಲಿ ಮರ ತನ್ನ ಒಣ ತೂಕದ ಸುಮಾರು 9 ಶೇಕಡ ನೀರನ್ನು ಹಿಡಿದುಕೊಂಡಿರುತ್ತದೆ. ಅಂದರೆ ಒಂದೊಂದು ಗಿಟಾರಿನಲ್ಲಿ 150 ಗ್ರಾಂ ಹತ್ತಿರ, ನಾಲ್ಕಕ್ಕೆ 600 ಗ್ರಾಂ. ಗಾಳಿಯಲ್ಲಿ 7, ಗಿಟಾರುಗಳಲ್ಲಿ 600.

ಇನ್ನು ಬೀರು. ಆ ಪ್ಲೈವುಡ್ಡಿನ ತೂಕವೇ ಸುಮಾರು 40 ಕಿಲೋ. ಅದರಲ್ಲಿ 9 ಶೇಕಡದ ಲೆಕ್ಕ ಹಿಡಿದರೆ ಮೂರು ಲೀಟರಿಗಿಂತ ಹೆಚ್ಚು ನೀರು! ಮುಟ್ಟಿದರೆ ಒಣಗಿದ ಹಲಗೆ, ಕೈಗೆ ತೇವ ಹತ್ತುವುದಿಲ್ಲ, ಆದರೂ ಅದರ ನಾರುಗಳಲ್ಲಿ ಮೂರು ಲೀಟರ್ ನೀರು ಕೂತಿದೆ. ಈ ಅಂಕಿ ನೋಡಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಯಾಕೆ ಇಷ್ಟು ಹೇಳುತ್ತಿದ್ದೇನೆ? ಮುಚ್ಚಿದ ಬೀರುವಿನಲ್ಲಿ ಗಾಳಿಯ ಆರ್ದ್ರತೆಯನ್ನು ನಿರ್ಧರಿಸುವುದು ಗಾಳಿಯಲ್ಲ, ಮರ. ಹೊರಗೆ ಎಸಿ ಹಾಕಿದ್ದೀರಿ, ಕೋಣೆ ಒಣಗುತ್ತಿದೆ, ಬೀರುವಿನ ಗಾಳಿ 50ರಿಂದ 40ಕ್ಕೆ ಇಳಿಯಲು ಹೊರಟಿತು. ಅದನ್ನು ಮತ್ತೆ 50ಕ್ಕೆ ತರಲು ಬೇಕಾದ ನೀರು ಒಂದೂವರೆ ಗ್ರಾಂ ಅಷ್ಟೇ. ಮೂರು ಲೀಟರ್ ಇಟ್ಟುಕೊಂಡಿರುವ ಬೀರುವಿಗೆ ಒಂದೂವರೆ ಗ್ರಾಂ ಕೊಡುವುದು ದೊಡ್ಡ ವಿಷಯವೇ? ಬೀರುವಿನ ಮರ ಕೊಟ್ಟರೆ ಗಿಟಾರಿನ ಮರ ತನ್ನದನ್ನು ಕಳೆದುಕೊಳ್ಳಬೇಕಾಗಿಲ್ಲ.

ಆದರೆ ಹೆಚ್ಚಿನವರು ಬೀರು ಕಟ್ಟಿಸುವಾಗ ಮಾಡಿಸುವುದೇನು? ಒಳಗೂ ಹೊರಗೂ ಲ್ಯಾಮಿನೇಟ್. ಒರೆಸಲು ಸುಲಭ, ನೋಡಲು ಚೆಂದ, ಕಾರ್ಪೆಂಟರಿಗೂ ಅದೇ ಅಭ್ಯಾಸ. ಒಳಬದಿಗೆ ಲ್ಯಾಮಿನೇಟ್ ಅಂಟಿಸಿದ ಕ್ಷಣವೇ ಆ ಮೂರು ಲೀಟರಿನ ಬಾಗಿಲು ಮುಚ್ಚಿಹೋಯಿತು. ಈಗ ಒಳಗಿನ ಗಾಳಿಗೆ ನೀರು ಕೊಡಲು ಉಳಿದಿರುವುದು ಗಿಟಾರ್ ಮಾತ್ರ. ನಾವು ರಕ್ಷಿಸಬೇಕಾದ ವಸ್ತುವೇ ತನ್ನನ್ನು ಹಿಂಡಿಕೊಂಡು ಬೀರುವಿನ ಗಾಳಿಯನ್ನು ಸಾಕಬೇಕು.

ಹಾಗಾಗಿ ಕಾರ್ಪೆಂಟರಿಗೆ ಹೀಗೆ ಹೇಳಿ: ಹೊರಬದಿಗೆ ಏನು ಬೇಕಾದರೂ ಹಾಕಿ, ಲ್ಯಾಮಿನೇಟ್, ಪಾಲಿಶ್, ಪೇಂಟ್, ಯಾವುದೂ ಸರಿ. ಒಳಬದಿಗೆ ಏನೂ ಬೇಡ. ಬರಿಯ ಮರ. ಪ್ಲೈವುಡ್ಡಿನ ಅಂಟಿನ ಪದರಗಳು ನೀರಿನ ಓಡಾಟವನ್ನು ನಿಧಾನ ಮಾಡುತ್ತವೆ, ಬೇಗ ಸ್ಪಂದಿಸುವುದು ಮೇಲಿನ ಪದರವೇ. ಆದ್ದರಿಂದ ಸಾಧ್ಯವಾದರೆ ಹಿಂಬದಿಯ ಒಳಮೈಗೆ ಪೈನ್ ಮರದ ತೆಳು ಹಲಗೆಗಳನ್ನು ಮೊಳೆ ಹೊಡೆದು ಕೂರಿಸಿ, ಅದಕ್ಕೂ ಪಾಲಿಶ್ ಬೇಡ. ಬಾಗಿಲಿನ ಅಂಚಿಗೆ ಸುತ್ತಲೂ ಸಂದು ಮುಚ್ಚುವ ಗ್ಯಾಸ್ಕೆಟ್ ಪಟ್ಟಿ. ಗಾಳಿ ಸುಲಭವಾಗಿ ಒಳಗೆ ಹೊರಗೆ ಓಡಾಡಿದರೆ ಈ ಲೆಕ್ಕವೆಲ್ಲ ವ್ಯರ್ಥ.

ಒಂದು ಮಿತಿಯನ್ನೂ ಸ್ಪಷ್ಟವಾಗಿ ಹೇಳಬೇಕು. ಮರ ಏರಿಳಿತವನ್ನು ತಡೆಯುತ್ತದೆ, ಸರಾಸರಿಯನ್ನು ಬದಲಿಸುವುದಿಲ್ಲ. ಹಗಲು ರಾತ್ರಿಯ ವ್ಯತ್ಯಾಸ, ನಾಲ್ಕು ದಿನದ ಬಿಸಿಗಾಳಿ, ಇಂಥವನ್ನು ಅದು ನುಂಗಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹೊರಗೆ 80 ಶೇಕಡ ಇದ್ದರೆ ಬೀರುವಿನ ಮರವೂ ನಿಧಾನವಾಗಿ ಅತ್ತ ಹೋಗುತ್ತದೆ. ಆಗ ಸಿಲಿಕಾ ಜೆಲ್ ಬೇಕು, ಇಲ್ಲವೇ ತೇವ ಕೊಡುವ ಹಾಗೂ ಹೀರುವ ಎರಡೂ ಕೆಲಸ ಮಾಡುವ ಪ್ಯಾಕೆಟ್‌ಗಳು ಬೇಕು. ಬೋವೇಡಾ ಕಂಪನಿಯವು ಗಿಟಾರಿಗೆ 49 ಶೇಕಡಕ್ಕೆ ಹೊಂದಿಸಿ ಬರುತ್ತವೆ. ಅಂಥ ಪ್ಯಾಕೆಟ್ ಬೀರುವಿನಲ್ಲಿ ಒಂದೆರಡು ಇಟ್ಟರೆ ಸಾಲುವುದಿಲ್ಲ, 40 ಕಿಲೋ ಮರದ ತೇವವನ್ನೂ ಅವೇ ನಿಭಾಯಿಸಬೇಕಾಗುತ್ತದೆ. ಪ್ಯಾಕೆಟ್ಟನ್ನು ಗಿಟಾರಿನ ಮುಖದ ದುಂಡು ರಂಧ್ರದಲ್ಲಿ, ಅಂದರೆ ಸೌಂಡ್‌ಹೋಲ್‌ನಲ್ಲಿ, ಚೀಲ ಕಟ್ಟಿ ಇಳಿಬಿಡಿ.

ಇಷ್ಟೆಲ್ಲ ಮಾಡಿ ಆರ್ದ್ರತೆ ಅಳೆಯುವ ಹೈಗ್ರೋಮೀಟರೇ ಸುಳ್ಳು ಹೇಳಿದರೆ? ಅಗ್ಗದ ಮೀಟರುಗಳು ಐದಾರು ಅಂಕ ಆಚೀಚೆ ತೋರಿಸುವುದು ಸಾಮಾನ್ಯ. ಪರೀಕ್ಷೆಗೆ ಅಡುಗೆ ಉಪ್ಪು ಸಾಕು.

(ಪರದೆಯಲ್ಲಿ: ಬಾಟಲಿ ಮುಚ್ಚಳದಲ್ಲಿ ಒದ್ದೆ ಉಪ್ಪು, ಪಕ್ಕದಲ್ಲಿ ಮೀಟರ್, ಗಾಳಿಯಾಡದ ಡಬ್ಬಿ)

ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ ಕೆಲವು ಹನಿ ನೀರು ಬಿಡಿ. ಉಪ್ಪು ಪೂರ್ತಿ ಕರಗಬಾರದು, ಒದ್ದೆ ಮರಳಿನ ಹಾಗೆ ಮುದ್ದೆಯಾಗಿರಬೇಕು. ಅದನ್ನೂ ಮೀಟರನ್ನೂ ಒಂದು ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೀಟರ್ 75 ತೋರಿಸಬೇಕು. ಕೋಣೆ 15 ಡಿಗ್ರಿ ಇರಲಿ, 30 ಇರಲಿ, ಅಂಕಿ 75ರ ಆಸುಪಾಸಿನಿಂದ ಅಲ್ಲಾಡುವುದಿಲ್ಲ. ನಿಮ್ಮದು 70 ತೋರಿಸಿದರೆ ಇನ್ನು ಮುಂದೆ ಪ್ರತಿ ಸಲ ಐದು ಸೇರಿಸಿ ಓದಿ. ಒಂದೊಂದು ಲವಣದ ತೃಪ್ತ ದ್ರಾವಣ, ಅಂದರೆ ಇನ್ನಷ್ಟು ಲವಣ ಕರಗದ ನೀರು, ತನ್ನ ಮೇಲಿನ ಗಾಳಿಯನ್ನು ತನ್ನದೇ ಒಂದು ಆರ್ದ್ರತೆಯಲ್ಲಿ ಹಿಡಿದಿಡುತ್ತದೆ. ಉಪ್ಪಿಗೆ 75, ಮೆಗ್ನೀಸಿಯಂ ಕ್ಲೋರೈಡಿಗೆ 33. ಆ 49ರ ಪ್ಯಾಕೆಟ್ ಕೆಲಸ ಮಾಡುವುದೂ ಇದೇ ತತ್ವದ ಮೇಲೆ.

ಸರಿ, ಸಮಯ ಓಡುತ್ತಿದೆ. ಜೋಡಣೆಗೆ ಬರೋಣ.

ಗಿಟಾರುಗಳನ್ನು ಮುಖ ಹೊರಗೆ ಮಾಡಿ ಇಟ್ಟರೆ ಒಂದೊಂದು 40 ಸೆಂಟಿಮೀಟರ್ ತಿನ್ನುತ್ತದೆ. 120ರ ಬೀರುವಿನಲ್ಲಿ ಎರಡು ಹಿಡಿಯುತ್ತವೆ, ಮೂರಾದರೆ ಒಂದಕ್ಕೊಂದು ತಗಲುತ್ತವೆ. ಪಕ್ಕ ತಿರುಗಿಸಿ, ಪುಸ್ತಕಗಳ ಬೆನ್ನು ಕಾಣುವಂತೆ ಸಾಲಾಗಿ ನಿಲ್ಲಿಸಿ. ಡ್ರೆಡ್‌ನಾಟ್ ಎಂಬ ದೊಡ್ಡ ಮೈಯ ಅಕೂಸ್ಟಿಕ್ ಗಿಟಾರಿನ ದಪ್ಪ 12ರಿಂದ 13 ಸೆಂಟಿಮೀಟರ್, ಕೈ ಹೋಗಲು ಜಾಗ ಬಿಟ್ಟು 18 ಅಂತ ಇಟ್ಟುಕೊಳ್ಳಿ. ಅದೇ ಅಗಲದಲ್ಲಿ ಆರು! ಎಲೆಕ್ಟ್ರಿಕ್ ಆದರೆ ಒಂದಕ್ಕೆ 12 ಸಾಕು. ತಳಕ್ಕೆ ಮೆತ್ತನೆಯ ಹಾಸು, ಅದು ಹಿಂದಕ್ಕೆ ಸ್ವಲ್ಪ ಇಳಿಜಾರಾಗಿರಲಿ. ತಳದಿಂದ ಸುಮಾರು 70 ಸೆಂಟಿಮೀಟರ್ ಎತ್ತರಕ್ಕೆ ಒಂದು ಅಡ್ಡಪಟ್ಟಿ, ಅದರಲ್ಲಿ ನೆಕ್ ಕೂರಲು ಕಚ್ಚು. ಭಾರವೆಲ್ಲ ತಳದ ಮೇಲೆ, ಪಟ್ಟಿಯ ಕೆಲಸ ಒರಗಿಸಿಕೊಳ್ಳುವುದಷ್ಟೇ. ಬಾಸ್ ಗಿಟಾರ್ ಇದ್ದವರು ಎತ್ತರವನ್ನು 135ಕ್ಕೆ ಏರಿಸಿ. 1958ರಲ್ಲಿ ಗಿಬ್ಸನ್ ತಂದ ಫ್ಲೈಯಿಂಗ್ ವಿ ಥರದ, V ಆಕಾರದ ಗಿಟಾರಿಗೆ ನಿಲ್ಲಲು ಸಮತಟ್ಟಾದ ತಳವಿಲ್ಲ, ಅದನ್ನು ನೇತುಹಾಕುವುದೇ ಒಳ್ಳೆಯದು.

ಹಾಸಿನ ವಿಷಯದಲ್ಲಿ ದಯವಿಟ್ಟು ಎಚ್ಚರ. ಗಿಬ್ಸನ್ ಸೇರಿದಂತೆ ಕೆಲವು ತಯಾರಕರು ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಮೆರುಗು ಬಳಿಯುತ್ತಾರೆ. ರಬ್ಬರ್, ವಿನೈಲ್, ಕೆಲವು ಬಗೆಯ ಫೋಮ್ ಅದಕ್ಕೆ ತಗುಲಿಕೊಂಡೇ ಇದ್ದರೆ ಅವುಗಳಲ್ಲಿನ ರಾಸಾಯನಿಕ ಲ್ಯಾಕರಿಗೆ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ, ಕಲೆ ಬೀಳುತ್ತದೆ, ಆ ಕಲೆ ಹೋಗುವುದಿಲ್ಲ. ಫೋಮ್ ಬೇಕೆಂದರೆ ಒಳಗೆ ಇರಲಿ, ಮೇಲೆ ಎರಡು ಮಡಿಕೆ ಹತ್ತಿ ಬಟ್ಟೆ ಅಥವಾ ಉಣ್ಣೆಯ ಫೆಲ್ಟ್ ಹೊದಿಸಿ.

ಗೋಡೆಗೇ ನೇತುಹಾಕುವವರಿಗೆ: ಒಂದೊಂದು ಹುಕ್ಕಿಗೂ ಗೋಡೆಯಲ್ಲಿ ಬೇರೆ ಬೇರೆ ರಂಧ್ರ ಕೊರೆಯಬೇಡಿ. ಒಂದೇ ಉದ್ದನೆಯ ಮರದ ಪಟ್ಟಿಯನ್ನು ನಾಲ್ಕೈದು ಕಡೆ ವಾಲ್ ಪ್ಲಗ್ ಹಾಕಿ ಬಿಗಿದು, ಹುಕ್ಕುಗಳನ್ನು ಆ ಪಟ್ಟಿಗೆ ಸ್ಕ್ರೂ ಮಾಡಿ. ಹುಕ್ಕಿನ ಜಾಗ ಆಮೇಲೆ ಬದಲಿಸಬಹುದು, ಒಂದು ಪ್ಲಗ್ ಸಡಿಲವಾದರೂ ಉಳಿದವು ಹಿಡಿದಿರುತ್ತವೆ. ಜಿಪ್ಸಮ್ ಬೋರ್ಡಿನ ಗೋಡೆಯಾದರೆ ಸ್ಕ್ರೂ ಒಳಗಿನ ಚೌಕಟ್ಟಿಗೆ ಹೋಗಿ ಕಚ್ಚಲೇಬೇಕು. ಬಿಸಿಲು ಬೀಳುವ ಗೋಡೆ, ಬಚ್ಚಲಿಗೆ ಅಂಟಿದ ಗೋಡೆ, ಎಸಿಯ ಗಾಳಿ ನೇರ ಬಡಿಯುವ ಗೋಡೆ, ಮೂರೂ ಬೇಡ.

ಕೊನೆಯದಾಗಿ ಮೂರು ವಿಷಯ ಒಟ್ಟಿಗೆ. ಬೀರುವಿನಲ್ಲಿ ಲೈಟ್ ಬೇಕೆಂದರೆ ಎಲ್‌ಇಡಿ ಪಟ್ಟಿ ಹಾಕಿ, ಅದಕ್ಕೆ ವಿದ್ಯುತ್ ಕೊಡುವ ಡ್ರೈವರ್ ಪೆಟ್ಟಿಗೆ ಹೊರಗಿರಲಿ, ಅದೂ ಬಿಸಿಯಾಗುತ್ತದೆ. ಹೊಸ ಪ್ಲೈವುಡ್ಡಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಡುತ್ತದೆ, ಹಾಗಾಗಿ ಬೀರು ಕಟ್ಟಿದ ಮೇಲೆ ಕೆಲವು ವಾರ ಬಾಗಿಲು ತೆರೆದಿಟ್ಟು ವಾಸನೆ ಹೋಗಲಿ, ಅಷ್ಟರಲ್ಲಿ ಅದರ ಮರವೂ ಕೋಣೆಯ ತೇವಕ್ಕೆ ಹೊಂದಿಕೊಳ್ಳುತ್ತದೆ. ಹೊರಗೆ 80 ಇರುವ ಹೊತ್ತಿನಲ್ಲಿ ಕಟ್ಟಿ ಬಾಗಿಲು ಮುಚ್ಚಿದಿರೋ, ಆ 80ನ್ನೇ ಒಳಗೆ ಕೂಡಿಟ್ಟ ಹಾಗೆ, ಅದಕ್ಕೆ ಕೋಣೆ 50ರ ಹತ್ತಿರ ಇರುವ ಕಾಲ ನೋಡಿ ಮುಚ್ಚಿ. ಇನ್ನು ಅದೇ ಕೋಣೆಯಲ್ಲಿ ರೆಕಾರ್ಡಿಂಗ್ ಮಾಡುವವರು ಗಮನಿಸಿ: ನೀವು ಹಾಡಿದ ಸ್ವರಕ್ಕೆ ಗೋಡೆಯ ಮೇಲಿನ ಗಿಟಾರಿನ ತಂತಿಯೂ ಮಿಡಿಯುತ್ತದೆ, ಆ ಗುಂಯ್‌ಗುಡುವಿಕೆ ಮೈಕಿಗೆ ಹೋಗುತ್ತದೆ. ಬೀರುವಿನ ಬಾಗಿಲು ಹಾಕಿದರೆ ಅದು ಬಹಳ ಕಡಿಮೆಯಾಗುತ್ತದೆ. ಗೋಡೆಯ ಮೇಲಿದ್ದರೆ ತಂತಿಗಳ ನಡುವೆ ಒಂದು ಬಟ್ಟೆಯ ತುಂಡು ಹೆಣೆದು ಬಿಡಿ.

ಗಾಜಿನ ಬಾಗಿಲೇ ಯಾಕೆ ಅಂತ ಕೇಳುವಿರಿ. ಕಣ್ಣಿಗೆ ಬೀಳುವ ಗಿಟಾರನ್ನು ಕೈ ತಾನಾಗಿ ಎತ್ತಿಕೊಳ್ಳುತ್ತದೆ, ಕೇಸಿನಲ್ಲಿ ಜಿಪ್ ಹಾಕಿಟ್ಟದ್ದು ನಾಳೆಗೆ, ನಾಡಿದ್ದಿಗೆ ಹೋಗುತ್ತದೆ. ಕೀಲು ಗಟ್ಟಿಯಾಗಿರಲಿ, ಹಿಡಿಕೆ ದೊಡ್ಡದಿರಲಿ, ಒಂದು ಕೈಯಲ್ಲಿ ತೆರೆದು ಇನ್ನೊಂದರಲ್ಲಿ ಗಿಟಾರ್ ಎತ್ತುವಂತಿರಲಿ. ಪ್ಲೈವುಡ್ ಕತ್ತರಿಸುವ ಅಳತೆಯ ಪಟ್ಟಿ ಕೆಳಗೆ ಹಾಕಿದ್ದೇನೆ. ಒಳಬದಿಗೆ ಲ್ಯಾಮಿನೇಟ್ ಬೇಡ ಎಂಬುದನ್ನು ಅದರ ಮೊದಲ ಸಾಲಿನಲ್ಲೇ ಬರೆದಿದ್ದೇನೆ, ಕಾರ್ಪೆಂಟರಿಗೆ ಹಾಗೇ ಕಳಿಸಿ.